ಒಣಗಿಸದೆ ಕಳಿಸಿದ ಟ್ಯೂಬುಗಳು

ಪೀಣ್ಯದ ಆ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಕೆಲಸಕ್ಕೆ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಕರಾವಳಿಯ ವಿದ್ಯುತ್ ಸ್ಥಾವರಗಳಿಗೆ ನಾವು ಕೂಲರ್‌ಗಳನ್ನು ಮಾಡಿ ಕಳಿಸುತ್ತಿದ್ದೆವು. ಉಕ್ಕಿನ ದೊಡ್ಡ ಕೊಳವೆಯೊಳಗೆ ನೂರಾರು ಸಣ್ಣ ಟ್ಯೂಬುಗಳು. ಅವುಗಳಲ್ಲಿ ಸಮುದ್ರದ ನೀರು ಹರಿದು ಸ್ಥಾವರದ ಬಿಸಿಯನ್ನು ಹೊತ್ತೊಯ್ಯಬೇಕು. ಕಳಿಸುವ ಮೊದಲು ಬೋರ್‌ವೆಲ್ ನೀರು ತುಂಬಿಸಿ, ಒತ್ತಡ ಕೊಟ್ಟು, ಎಲ್ಲಾದರೂ ಸೋರುತ್ತದೆಯೇ ಎಂದು ನೋಡುತ್ತಿದ್ದೆವು.

ಆ ಪರೀಕ್ಷೆ ಮಾಡುತ್ತಿದ್ದವರು ಬಿಜಾಪುರದ ಕಡೆಯ ಹಿರಿಯರೊಬ್ಬರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನೀರು ಬಸಿದ ಮೇಲೆ ಎರಡು ದಿನ ಬಿಸಿಗಾಳಿ ಹಾಯಿಸಿ ಒಣಗಿಸದೆ ಅವರು ಟ್ಯೂಬುಗಳ ಬಾಯಿ ಮುಚ್ಚಲು ಬಿಡುತ್ತಿರಲಿಲ್ಲ. ಹೆಣ್ಣುಮಗಳೆಂದು ಅಲ್ಲಿ ಯಾರೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದಾಗ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ಕಲಿಸಿದವರು ಅವರೊಬ್ಬರೇ.

ಒಂದು ಶನಿವಾರ ಲಾರಿ ಗೇಟಿನಲ್ಲಿ ಕಾಯುತ್ತಿತ್ತು. ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು. ನೀರು ಬಸಿದಿದೆಯಲ್ಲ, ಅಷ್ಟು ಸಾಕು, ಮುಚ್ಚಿಬಿಡಿ ಎಂದೆ.

"ಬ್ಯಾಡವಾ," ಎಂದರು ಕಾಕಾ. "ಒಳಗ ಹಸಿ ಉಳದ್ರ ಕಣ್ಣಿಗೆ ಕಾಣದ ಹುಳ ಬೆಳೀತಾವ. ಟ್ಯೂಬ್ ತಿಂದಬಿಡ್ತಾವ."

ತಪಾಸಣೆಯ ಹಾಳೆಯಲ್ಲಿ 'ಒಣಗಿಸಲಾಗಿದೆ' ಎಂಬಲ್ಲಿ ನಾನು ಸಹಿ ಹಾಕಿ ಅದನ್ನು ಅವರ ಮುಂದೆ ಹಿಡಿದೆ. ಅವರೂ ಹಾಕಿ, ಟ್ಯೂಬುಗಳ ಬಾಯಿ ಮುಚ್ಚಿದರು.

ಆ ಕೂಲರ್ ಕರಾವಳಿಯಲ್ಲಿ ಜೋಡಣೆಗೆ ಕಾಯುತ್ತಾ ಮಳೆಗಾಲವಿಡೀ ಬಿದ್ದಿತ್ತು. ಸಮುದ್ರದ ನೀರು ಒಳಹೋಗುವ ಮೊದಲೇ, ಅಲ್ಲಿನ ಪರೀಕ್ಷೆಯಲ್ಲಿ, ಟ್ಯೂಬುಗಳು ಸೋರಿದವು. ವಾಪಸು ಬಂದ ಒಂದನ್ನು ಸೀಳಿದಾಗ ಕೊಳೆತ ಮೊಟ್ಟೆಯ ವಾಸನೆ. ಕಪ್ಪು ಲೋಳೆಯ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳಿದ್ದವು.

ಒಣಗಿಸದೆ ಮುಚ್ಚಲು ಹೇಳಿದ್ದು ಯಾರು ಎಂದು ಮ್ಯಾನೇಜರ್ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕಾಕಾ ಒಮ್ಮೆ ನನ್ನ ಮುಖ ನೋಡಿದರು.

"ನಂದಽ ತಪ್ಪರೀ ಸಾಹೇಬ್ರ," ಎಂದರು. "ನಾನಽ ಅವಸರ ಮಾಡೀನಿ."

ಅಂದೇ ಅವರನ್ನು ಕೆಲಸದಿಂದ ತೆಗೆದರು.

ಹತ್ತು ದಿನ ಎಂದಿನಂತೆ ಕೆಲಸಕ್ಕೆ ಹೋಗಿ ಬಂದೆ. ಹನ್ನೊಂದನೆಯ ದಿನ ಮ್ಯಾನೇಜರ್ ಎದುರು ನಿಜ ಹೇಳಿದೆ. ಮುಗಿದುಹೋದ ವಿಷಯ, ಈಗ ಕೆದಕಬೇಡಿ ಎಂದರು. ಅಲ್ಲಿಂದ ನೇರ ಬಸ್ಸು ಹತ್ತಿ ಮಾಕಳಿಗೆ ಹೋಗಿ ಕಾಕಾ ಬಾಡಿಗೆಗಿದ್ದ ಕೋಣೆ ಹುಡುಕಿದೆ. ಬಾಗಿಲಿಗೆ ಬೀಗ. ಮನೆಯೊಡತಿ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಭಾನ್ವಾರನೇ ಖಾಲಿ ಮಾಡ್ಕೊಂಡ್ ಓದ್ರು ಕಣವ್ವ," ಎಂದರು. "ಎಲ್ಗೆ ಅಂತ ಯೋಳ್ಲಿಲ್ಲ. ಆವಯ್ಯನ ಎಂಡ್ರು ಮಾತ್ರ ಅಳ್ತಾನೇ ಇತ್ತು."

ಕಾಕಾ ಅವರ ಫೋನ್ ಬಂದ್ ಆಗಿತ್ತು. ಮುಂದೆ ಎಷ್ಟೋ ಕಾರ್ಖಾನೆಗಳ ಗೇಟಿನಲ್ಲಿ ನಿಂತು ವಿಚಾರಿಸಿದೆ. ಎಲ್ಲೂ ಸಿಗಲಿಲ್ಲ.

ಎರಡು ದಿನ ಒಣಗಿಸದೆ ಯಾವುದನ್ನೂ ಕಳಿಸಕೂಡದೆಂದು ಆಮೇಲೆ ಕಾರ್ಖಾನೆಯಲ್ಲಿ ನಿಯಮವಾಯಿತು. ಬರೆದುಕೊಡಲು ನನಗೇ ಹೇಳಿದರು. ಕಾಕಾ ಮಾಡುತ್ತಿದ್ದುದನ್ನೇ ಒಂದೊಂದಾಗಿ ನೆನೆದು ಬರೆದೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ 'ಸಿದ್ಧಪಡಿಸಿದವರು' ಎಂಬಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಅದನ್ನು ಓದಿದವಳು ಶೌಚಾಲಯಕ್ಕೆ ಹೋಗಿ, ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು ಅತ್ತೆ.