ಕ್ರಿಸ್ಪಿನಾಳ ಮೂರು ಬಟ್ಟಲು ಸಾರು

ಫಿಲಿಪ್ಪೀನ್ಸಿನ ನಮ್ಮ ಇಲೊಯಿಲೊ ಊರಿನಲ್ಲಿ ಸಾವಿನ ಮನೆಯಿಂದ ಯಾರೂ ನೇರ ಮನೆಗೆ ಹೋಗುವುದಿಲ್ಲ. ದಾರಿಯಲ್ಲಿ ಎಲ್ಲಾದರೂ ಕೂತೆದ್ದು ಹೋಗಬೇಕು, ಇಲ್ಲದಿದ್ದರೆ ಸತ್ತವರು ಬೆನ್ನು ಹತ್ತಿ ಬರುತ್ತಾರೆ. ಹಾಗೆ ಕೂರುವವರಿಂದಲೇ ಬಾಚೋಯ್ ಎಂಬ ನೂಡಲ್ಸ್ ಸಾರು ಮಾರುವ ನನ್ನ ಅಂಗಡಿಗೆ ಅರ್ಧ ವ್ಯಾಪಾರ. ಕ್ರಿಸ್ಪಿನಾ ಮಾತ್ರ ದಿನಾ ಸಂಜೆ ಬರುತ್ತಿದ್ದಳು. ಏಟು ತಿಂದ, ಕೆಟ್ಟ ಕೈಗೆ ಸಿಕ್ಕ ಮಕ್ಕಳ ಆಶ್ರಯಮನೆಯಲ್ಲಿ ಅವಳಿಗೆ ಕೆಲಸ. "ಅವರ ಕಥೆಯೆಲ್ಲ ನಿನ್ನ ಬೆಂಚಿನ ಮೇಲೆ ಬಿಟ್ಟು ಹೋಗ್ತೀನಿ ಮನಾಂಗ್, ನನ್ನ ಮಗನ ಹತ್ರ ಒಯ್ಯಲ್ಲ," ಎನ್ನುತ್ತಿದ್ದಳು. ಊರಿಗೆಲ್ಲ ನಾನು ಮನಾಂಗ್, ದೊಡ್ಡಕ್ಕ. ನೂಡಲ್ಸ್ ಮೇಲೆ ಎರಡನೇ ಸಲ ಹಾಕುವ ಸಾರು ನಮ್ಮಲ್ಲಿ ಪುಕ್ಕಟೆ. ಅವಳು ಮೂರು ಸಲ ಹಾಕಿಸಿಕೊಂಡೇ ಏಳುವುದು.

ಆಗ ಒಂಬತ್ತು ವರ್ಷದ ಒಬ್ಬ ಹುಡುಗಿಯ ಕೇಸು ನಡೆಯುತ್ತಿತ್ತು. ಹೆಸರನ್ನು ಕ್ರಿಸ್ಪಿನಾ ನನಗೂ ಹೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇದ ಕೇಸು: ಆರೋಪಿ ಮಲತಂದೆ, ಮೀನಿನ ದೊಡ್ಡ ವ್ಯಾಪಾರಿ, ಜಾಮೀನಿನ ಮೇಲೆ ಹೊರಗಿದ್ದ. ಅವನ ವಕೀಲ ತಾರೀಖು ಮುಂದೆ ತಳ್ಳುತ್ತಲೇ ಇದ್ದ. ಹುಡುಗಿಯನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಬಸವಳಿದು ಕೆಲಸ ಬಿಟ್ಟಿದ್ದರು. ಪ್ರತಿ ಸಲವೂ ಅವಳು ತಿಂಗಳುಗಟ್ಟಲೆ ಮಾತು ನಿಲ್ಲಿಸಿದ್ದಳು. ಮೂರನೆಯವಳು ಕ್ರಿಸ್ಪಿನಾ. ಅವಳೂ ಬಿಟ್ಟರೆ ಹುಡುಗಿ ಸಾಕ್ಷಿ ಹೇಳುವುದು ಅಷ್ಟರಲ್ಲೇ ಇತ್ತು.

ಏಳನೇ ಸಲ ತಾರೀಖು ಮುಂದೆ ಹೋದಾಗ ಕ್ರಿಸ್ಪಿನಾಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಆ ಹುಡುಗಿ ಹಾಗೆ ಕಾಯುತ್ತ ಕೂತಿರುವಾಗ ತಾನು ಹೊಟ್ಟೆ ತುಂಬ ಉಣ್ಣುವುದೇ ಪಾಪ ಅನ್ನಿಸಿತಂತೆ. ಒಂದು ವಾರ ಕಡತ ಹೊತ್ತು ನೇರ ಮನೆಗೆ ಹೋದಳು. ಎಂಟನೇ ದಿನ ನನ್ನಲ್ಲಿಗೆ ಬಂದವಳ ಮುಖದಲ್ಲಿ ರಕ್ತವಿರಲಿಲ್ಲ.

"ಮಗ ತಟ್ಟೆ ಬೀಳಿಸ್ದ. ಕೈ ಎತ್ಬಿಟ್ಟೆ ಮನಾಂಗ್. ತಲೆ ಮುಚ್ಕೊಂಡು ಮೂಲೆಗೆ ಸರಿದ, ನಮ್ಮಲ್ಲಿರೋ ಮಕ್ಕಳ ಥರಾನೇ." ಚೀಲದಿಂದ ರಾಜೀನಾಮೆ ಪತ್ರ ತೆಗೆದು ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ಆ ಮೀನು ವ್ಯಾಪಾರಿಯೇ ಒಳಗೆ ಬಂದು ಎದುರಿನ ಮರದ ಸ್ಟೂಲಿನ ಮೇಲೆ ಕೂತ.

"ಏನ್ ಮೇಡಂ, ಸೊರಗಿಬಿಟ್ಟಿದೀರಲ್ಲ! ಹಿಂದಿನ ಇಬ್ರೂ ಹೀಗೇ ಸೊರಗಿದ್ರು. ನಂಗೇನೂ ಅವಸರ ಇಲ್ಲ ಬಿಡಿ."

ನನ್ನ ಮೈ ಉರಿದುಹೋಯಿತು. ಕುದಿಯುವ ಸಾರನ್ನು ಸೌಟು ತುಂಬ ಎತ್ತಿದೆ, ಅವನ ಮುಖಕ್ಕೇ ಎರಚುವವಳಿದ್ದೆ. ಕ್ರಿಸ್ಪಿನಾ ನನ್ನ ಮಣಿಕಟ್ಟು ಹಿಡಿದಳು.

"ಅದನ್ನ ನನ್ನ ಬಟ್ಟಲಿಗೆ ಹಾಕು."

ಅವನನ್ನೇ ದುರುಗುಟ್ಟಿ ನೋಡುತ್ತ ಇಡೀ ಬಟ್ಟಲು ಉಂಡಳು. ಮತ್ತೆ ಹಾಕಿಸಿಕೊಂಡಳು. ಮೂರನೆಯದಕ್ಕೆ ಅವನು ಎದ್ದು ಹೋದ. ಬಟ್ಟಲಡಿಯ ಪತ್ರ ಸಾರಿನಲ್ಲಿ ನೆನೆದು ಹರಿದಿತ್ತು.

ಅಂದಿನಿಂದ ಹಠ ಹಿಡಿದು ಉಂಡಳು, ಹಠ ಹಿಡಿದು ನಿದ್ದೆ ಮಾಡಿದಳು. ಮಗನ ಕ್ಷಮೆ ಕೇಳಿದಳು. ಭಾನುವಾರ ಕಡತ ಮುಟ್ಟದೆ ಅವನನ್ನು ಸಮುದ್ರಕ್ಕೆ ಕರೆದೊಯ್ದಳು. ತಿಂಗಳಿಗೊಮ್ಮೆ ಸಲಹೆಗಾರ್ತಿಯ ಮುಂದೆ ಕೂತು ಅತ್ತು ಬರುತ್ತಿದ್ದಳು. "ನಾನು ಗಟ್ಟಿಯಾಗಿರೋದೇ ಆ ಮೀನಿನವನಿಗೆ ವಿಷ," ಎನ್ನುವಳು. ಇಂಥ ಸೇಡು ನಾನು ಬೇರೆಲ್ಲೂ ಕಂಡಿಲ್ಲ, ಕಂಡು ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಹನ್ನೊಂದು ತಿಂಗಳ ಮೇಲೆ ಹುಡುಗಿ ಕ್ರಿಸ್ಪಿನಾಳ ಕೈ ಹಿಡಿದುಕೊಂಡು ನ್ಯಾಯಾಧೀಶರಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಜೀವಾವಧಿ ಆಯಿತು. ತೀರ್ಪಿನ ಸಂಜೆ ಕ್ರಿಸ್ಪಿನಾ ಬಾಗಿಲಲ್ಲೇ ನಿಂತಳು.

"ಎರಡು ಪಾರ್ಸಲ್ ಕಟ್ಟು ಮನಾಂಗ್. ಇವತ್ತು ಕೂರಲ್ಲ. ಹಿಂದೆ ಯಾರೂ ಬರ್ತಿಲ್ಲ."

ಅವನು ಕೂತಿದ್ದ ಆ ಸ್ಟೂಲಿನ ಮೇಲೆ ಅಷ್ಟು ದಿನವೂ ನಾನು ಯಾರನ್ನೂ ಕೂರಿಸಿರಲಿಲ್ಲ. ಅವಳು ಹೋದ ಮೇಲೆ ಮಚ್ಚಿನಿಂದ ಸೀಳಿ ಒಲೆಗೆ ಹಾಕಿದೆ. ಸಾರು ಚೆನ್ನಾಗಿ ಕುದಿಯಿತು.