ಲ್ಯಾಪ್‌ಟಾಪಿಗೊಂದು ಪೇಪರ್ ಕಟಿಂಗ್

ವಾರಕ್ಕೆ ಎರಡು ದಿನ ಆಫೀಸಿಗೆ ಬಂದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ ಮಾಡಿ, ಲ್ಯಾಪ್‌ಟಾಪ್ ಮಾತ್ರ ನಿಮ್ಮದೇ ಇರಲಿ ಎಂದು ಆಫೀಸಿನವರು ಹೇಳಿದಾಗ ಎಲ್ಲರೂ ಕುಣಿದಾಡಿಬಿಟ್ಟರು. ನಾನು ಮಾತ್ರ ಕುಣಿಯಲಿಲ್ಲ. ಮನೆಯಿಂದ ಅಂದರೆ ಯಾವ ಮನೆ ಸ್ವಾಮಿ? ಹಲಸೂರಿನಲ್ಲಿ ಗುಡಿಯ ಹಿಂದಿನ ಗಲ್ಲಿ, ಎರಡನೇ ಮಹಡಿ, ಒಂದೇ ರೂಮು. ಮೂಲೆಯಲ್ಲಿ ಅಡುಗೆ ಕಟ್ಟೆ, ಗೋಡೆಗೆ ಮಂಚ, ಮಂಚದ ಕಾಲಿಗೆ ಬೀರು. ಮಿಕ್ಕ ಜಾಗದಲ್ಲಿ ಒಂದು ಟೇಬಲ್ಲು. ಆ ಟೇಬಲ್ಲು ನನ್ನದಲ್ಲ, ಅವ್ವನದು.

ಅವ್ವ ಬ್ಲೌಸು ಹೊಲಿಯುತ್ತಾಳೆ. ಕಲಬುರಗಿ ಕಡೆಯಿಂದ ಅಪ್ಪನ ಬೆನ್ನಿಗೆ ಈ ಊರಿಗೆ ಬಂದವಳು, ಅಪ್ಪ ಹೋದ ಮೇಲೂ ಮಷೀನು ತುಳಿದುಕೊಂಡೇ ನಿಂತವಳು. ಈಗ ಅದಕ್ಕೆ ಮೋಟಾರ್ ಹಾಕಿಸಿದ್ದೇವೆ. ಟೇಬಲ್ಲಿನ ನಡುವೆ ಮಷೀನು, ಎಡಗಡೆ ಬಟ್ಟೆ, ಬಲಗಡೆ ದಾರದ ಉಂಡೆಗಳ ಡಬ್ಬಿ. ಗಲ್ಲಿಯ ಹೆಂಗಸರು ತಮಿಳಿನಲ್ಲೋ ಉರ್ದುವಿನಲ್ಲೋ ಮಾತಾಡುತ್ತಾ ಬರುತ್ತಾರೆ, ಹೆಗಲಿನ ಅಳತೆ ಕೊಡುತ್ತಾ ಗಂಡನ ಅಳತೆಯನ್ನೂ ಕೊಟ್ಟು ಹೋಗುತ್ತಾರೆ. ಅವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಬಾಯಲ್ಲಿ ಗುಂಡುಪಿನ್ನು ಇರುವುದರಿಂದ ಉತ್ತರ ಕೊಡುವುದಿಲ್ಲ.

ನಾನು ಆಫೀಸಿನ ಸುದ್ದಿ ಹೇಳಿದಾಗ ಅವ್ವ ದಾರ ಕತ್ತರಿಸುತ್ತಾ ಅಂದಳು: "ಅದಕೇನಾತು ಮಗಳ? ಮಷೀನು ಅಟ್ಟದ ಮ್ಯಾಲ ಇಡೂಣು. ನೀ ಟೇಬಲ್ ತಗೋ. ನಂದೇನು, ಸಾಕಾತು ಬಿಡು."

ನನಗೆ ಪಿತ್ತ ನೆತ್ತಿಗೇರಿತು. "ಮಷೀನು ಅಟ್ಟಕ್ಕ ಹೋದ್ರ ನೀ ಎಲ್ಲಿಗಿ ಹೋಗ್ತಿ?" ಎಂದು ಜೋರು ಮಾಡಿದೆ. ಒಮ್ಮೆ ಮೋಟಾರು ಸುಟ್ಟು ರಿಪೇರಿಗೆ ಹೋಗಿದ್ದಾಗ ಅವಳನ್ನು ನೋಡಿದ್ದೆ. ತಲೆ ಬಾಚಿಕೊಳ್ಳದೆ ಕಿಟಕಿಯ ಹತ್ತಿರ ಕೂತಿದ್ದಳು, ಬಂದ ಹೆಂಗಸರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು. ನನಗೆ ಭಯವಾಗಿತ್ತು, ಅದನ್ನು ಇಲ್ಲಿ ನೇರವಾಗಿಯೇ ಹೇಳುತ್ತೇನೆ. ಮಷೀನು ನಿಂತರೆ ಅವ್ವನೂ ನಿಂತುಬಿಡುತ್ತಾಳೆ. ನೆಲದ ಮೇಲೆ, ಮಂಚದ ಮೇಲೆ ಕೂತು ಕೆಲಸ ಮಾಡೋಣವೆಂದರೆ ನನ್ನ ಸೊಂಟ ಕೇಳುವುದಿಲ್ಲ. ಇನ್ನೊಂದು ಟೇಬಲ್ಲು ತಂದರೆ ಬಾಗಿಲು ತೆಗೆಯಲಾಗುವುದಿಲ್ಲ. ಉಳಿದದ್ದು ಒಂದೇ ದಾರಿ: ಮಷೀನಿನ ಪಕ್ಕದಲ್ಲೇ ಕೂರುವಂಥ ಲ್ಯಾಪ್‌ಟಾಪ್ ಹುಡುಕಬೇಕು.

ಡಬ್ಬಿಯನ್ನು ಕಿಟಕಿಯ ಕಟ್ಟೆಗೆ ಸಾಗಿಸಿ ಅವ್ವ ಟೇಪು ಹಿಡಿದಳು. ಮಷೀನಿನ ಚಕ್ರದಿಂದ ಟೇಬಲ್ಲಿನ ತುದಿಯವರೆಗೆ ಹದಿಮೂರೂವರೆ ಇಂಚು. ಅಷ್ಟೇ ನನ್ನ ಆಫೀಸು.

ಲ್ಯಾಪ್‌ಟಾಪಿನ ಅಳತೆಯ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಆಫೀಸಿನದು ಯಾವ ಇಂಚಿನದೋ ನನಗೇನು ಗೊತ್ತು? ಮಕ್ಕಳ ಪಾಠಗಳನ್ನು ತಿದ್ದುವುದು ನನ್ನ ಕೆಲಸ. ಎಡಗಡೆ ಇಂಗ್ಲಿಷ್ ಪಾಠ, ಬಲಗಡೆ ಅದರ ಕನ್ನಡ, ಎರಡೂ ಒಟ್ಟಿಗೆ ಕಾಣಬೇಕು. ಪಕ್ಕದ ಸೀಟಿನ ಗೆಳತಿಯನ್ನು ಕೇಳಿದರೆ, "ಹದಿನೈದು ಪಾಯಿಂಟ್ ಆರು ತಗೋ ಗುರು, ಕಣ್ಣಿಗೆ ಆರಾಮು. ಚಿಕ್ಕದು ತಗೊಂಡು ಆಮೇಲೆ ನನ್ ಹತ್ರ ಬಂದು ಅಳ್ಬೇಡ," ಅಂದಳು. ಇಂಟರ್ನೆಟ್ಟಿನಲ್ಲಿ ಓದಿದರೆ ಓಡಾಡುವವರಿಗೆ ಹದಿಮೂರು, ಎಲ್ಲದಕ್ಕೂ ಹದಿನಾಲ್ಕು, ಮನೆಯಲ್ಲಿ ಕೂರುವವರಿಗೆ ಹದಿನೈದು ಎಂದಿತ್ತು. ಹೊಲಿಗೆ ಮಷೀನಿನ ಪಕ್ಕ ಕೂರುವವರಿಗೆ ಎಷ್ಟು ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ.

ಆಮೇಲೆ ನನಗೊಂದು ಹುಚ್ಚು ಹಿಡಿಯಿತು. ಕಂಡ ಕಂಡವರ ಲ್ಯಾಪ್‌ಟಾಪ್ ನೋಡುವ ಹುಚ್ಚು. ಮೆಟ್ರೋದಲ್ಲಿ ಕೆ.ಆರ್.ಪುರದ ಕಡೆ ಹೋಗುವವರು ತೊಡೆಯ ಮೇಲೆ ಬಿಚ್ಚಿಕೊಂಡು ಕೂರುತ್ತಿದ್ದರು. ದೊಡ್ಡದು ಇಟ್ಟುಕೊಂಡವರ ಮೊಣಕೈ ಪಕ್ಕದವರ ಪಕ್ಕೆಗೆ. ಚಿಕ್ಕದು ಇಟ್ಟುಕೊಂಡವರ ಮೂಗು ಪರದೆಗೆ. ಇಂದಿರಾನಗರದ ಕಾಫಿ ಅಂಗಡಿಯೊಂದರಲ್ಲಿ ಒಬ್ಬಾತ ಹಲಗೆಯಂಥ ಲ್ಯಾಪ್‌ಟಾಪ್ ತೆರೆದು ಎರಡು ಜನರ ಟೇಬಲ್ಲನ್ನು ಪೂರ್ತಿ ಹಿಡಿದಿದ್ದ. ಏನು ಮಹಾ ಕೆಲಸವೋ ಎಂದು ಹಿಂದಿನಿಂದ ಬಗ್ಗಿ ನೋಡಿದೆ, ಇಸ್ಪೀಟು ಆಡುತ್ತಿದ್ದ. ಅಂಗೈಯಗಲದ ಒಂದರಲ್ಲಿ ಒಬ್ಬಾಕೆ ಮದುವೆಯ ಊಟದ ಲೆಕ್ಕ ಹಾಕುತ್ತಿದ್ದಳು, ಅಷ್ಟು ಜನರನ್ನು ಅಷ್ಟು ಸಣ್ಣ ಚೌಕದಲ್ಲಿ ಹೇಗೆ ಕೂರಿಸಿದಳೋ. ಆಕೆ ತಿರುಗಿ ನೋಡಿದಳು. ನಾನು ಮೆನು ಓದುವ ನಾಟಕ ಮಾಡಿದೆ. ದಿನನಿತ್ಯದ ಅಗತ್ಯ ಅಂತಾರಲ್ಲ, ಅದು ಯಾರದ್ದು, ಎಷ್ಟು ಉದ್ದದ್ದು ಎಂದು ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಅವ್ವನಿಗೆ ನನ್ನ ಈ ಗೂಢಚಾರಿಕೆಯಲ್ಲಿ ನಂಬಿಕೆ ಇರಲಿಲ್ಲ. ಹೊಸ ನಮೂನೆಯ ಬ್ಲೌಸು ಹೊಲಿಯುವ ಮೊದಲು ಅವಳು ನ್ಯೂಸ್‌ಪೇಪರಿನಲ್ಲಿ ಕತ್ತರಿಸಿ ನೋಡುತ್ತಾಳೆ, ಅದಕ್ಕೆ ಪೇಪರ್ ಕಟಿಂಗ್ ಅನ್ನುತ್ತಾರೆ. ಬಟ್ಟೆ ಹಾಳಾದರೆ ಹೋಯಿತು, ಪೇಪರ್ ಹಾಳಾದರೆ ಏನು? ಒಂದು ಮಧ್ಯಾಹ್ನ ನಾನು ಬರುವಷ್ಟರಲ್ಲಿ ಟೇಬಲ್ಲಿನ ಮೇಲೆ ಮೂರು ಲ್ಯಾಪ್‌ಟಾಪುಗಳಿದ್ದವು. ಹದಿಮೂರು, ಹದಿನಾಲ್ಕು, ಹದಿನೈದು ಇಂಚು ಅಗಲದ ಮೂರು ಪೇಪರುಗಳು. ಅಷ್ಟೇ ಅಲ್ಲ, ಎರಡೂ ಬದಿಗೆ ಕಾಲು ಕಾಲು ಇಂಚು ಮಾರ್ಜಿನ್ ಬೇರೆ ಬಿಟ್ಟಿದ್ದಳು.

"ಲ್ಯಾಪ್‌ಟಾಪಿಗೆ ಮಾರ್ಜಿನ್ ಯಾಕವ್ವಾ, ಆಮ್ಯಾಲ ಬಿಚ್ಚಿ ಲೂಸ್ ಮಾಡ್ತೀಯೇನು?"

"ಸುಮ್ನಿರು. ಅಂಚು ಅಂತ ಇರತೈತಿಲ್ಲ ಅದಕ?"

ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರೆ, ನಮ್ಮ ಮನೆಯಲ್ಲಿ ಅದೂ ಆಯಿತು. ನಾನು ಪೇಪರುಗಳ ಮೇಲೆ ಬೆರಳಾಡಿಸಿ ಟೈಪ್ ಮಾಡಿದೆ, ಅವ್ವ ಪಕ್ಕದಲ್ಲಿ ಮಷೀನು ಓಡಿಸಿದಳು, ಇಬ್ಬರೂ ನಕ್ಕೆವು. ಆದರೆ ಹದಿನೈದರದು ಚಕ್ರಕ್ಕೆ ಸಿಕ್ಕಿ ಹರಿದುಹೋಯಿತು. ಹದಿನಾಲ್ಕರದು ಒಂದಿಂಚು ಟೇಬಲ್ಲಿನಾಚೆ ನೇತಾಡಿತು. ಹದಿಮೂರು ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿತು.

ಹದಿಮೂರು ಇಂಚಿನದನ್ನು ಆಫೀಸಿನಲ್ಲಿ ಒಬ್ಬರಿಂದ ಇಸಿದುಕೊಂಡು ಒಂದು ದಿನ ಕೆಲಸ ಮಾಡಿ ನೋಡಿದೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಇಟ್ಟ ಕೂಡಲೇ ಅಕ್ಷರಗಳು ಸಾಸಿವೆಯಾದವು. ದೊಡ್ಡದು ಮಾಡಿದರೆ ಪಾಠ ಅರ್ಧ ಕಾಣುತ್ತಿತ್ತು, ಚಿಕ್ಕದು ಮಾಡಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ನೆತ್ತಿಯ ಮೇಲೆ ಕೂತ ಹಾಗಿದ್ದವು. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು. ಮನೆಗೆ ಬಂದು ಆಗುವುದಿಲ್ಲ ಅಂದೆ. ಮರುದಿನ ಬೆಳಿಗ್ಗೆ ನೋಡಿದರೆ ಅವ್ವ ಮಷೀನಿನ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿ, ಸುತ್ತ ಹಗ್ಗ ಬಿಗಿದಿದ್ದಳು.

"ಬಿಚ್ಚು ಅದನ್ನ," ಅಂದೆ.

"ಹಟ ಮಾಡಬ್ಯಾಡ ಯವ್ವಾ. ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು."

"ಹಾಸಿಗಿ ಇಬ್ಬರದೂ ಐತಿ. ಅಂಗಡಿಗೆ ಹೋಗಿ ಕಣ್ಣಿಂದ ನೋಡೋಣು. ಅಲ್ಲೂ ಆಗಲಿಲ್ಲಂದ್ರ ಆಮ್ಯಾಲ ಮಾತಾಡು." ಹಗ್ಗವನ್ನು ನಾನೇ ಬಿಚ್ಚಿ ಎಸೆದೆ.

ಭಾನುವಾರ ಶಿವಾಜಿನಗರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಸಂದಿಯೊಂದರಲ್ಲಿ ಲ್ಯಾಪ್‌ಟಾಪ್ ಅಂಗಡಿ, ಒಂದು ಕಡೆ ಬಿರಿಯಾನಿ, ಒಂದು ಕಡೆ ಬುರ್ಖಾ ಬಟ್ಟೆ. ಅವ್ವ ಪೇಪರುಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಅಂಗಡಿಯ ಯಜಮಾನರು, ಬಿಳಿ ಗಡ್ಡದ ನಿಧಾನಸ್ಥರು, ಹದಿನಾಲ್ಕು ಇಂಚಿನದೊಂದನ್ನು ತೆರೆದಿಟ್ಟರು. ಪರದೆ ನೋಡಿ ನನ್ನ ಆಸೆ ಮತ್ತೆ ಚಿಗುರಿತು. ಎರಡು ಪಾಠ ಪಕ್ಕಪಕ್ಕ ಚೆನ್ನಾಗಿಯೇ ಕಾಣುವಷ್ಟಿತ್ತು. ಅಷ್ಟರಲ್ಲಿ ಅವ್ವ ಹದಿನಾಲ್ಕರ ಪೇಪರನ್ನು ಬಿಚ್ಚಿ ಅದರ ಮೇಲೆ ಹಾಸಿದಳು. ಪೇಪರು ಎರಡೂ ಕಡೆ ಇಳಿಬಿತ್ತು.

ಅವ್ವನ ಮುಖ ಕೆಂಪಾಯಿತು. ಕೊರಳಿನ ಟೇಪು ತೆಗೆದು ಪರದೆಗೆ ಹಿಡಿದಳು. "ಹನ್ನೆರಡು ಚಿಲ್ಲರಿ! ಹದಿನಾಲ್ಕು ಅಂತ ಹೇಳಿ ಹನ್ನೆರಡು ಕೊಡ್ತೀರೇನ್ರಿ? ಹಿಂಗ ಬ್ಲೌಸು ಹೊಲದ್ರ ನನ್ನ ಬಿಡ್ತಾರೇನು ಹೆಂಗಸ್ರು?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು, ಆದರೂ ಒಳಗೊಳಗೇ ನನಗೂ ಅದೇ ಅನುಮಾನ. ಯಜಮಾನರು ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. "ಅರೆ ಅಮ್ಮಾ, ಕೋಪ ಮಾಡ್ಕೋಬೇಡಿ. ಟೇಪ್ ಅಡ್ಡ ಇಡಬಾರ್ದು. ಈ ಮೂಲೆಯಿಂದ ಆ ಮೂಲೆಗೆ ಇಡಿ. ಸ್ಕ್ರೀನ್ ಅಳತೆ ಅಂದ್ರೆ ಅದೇ," ಎಂದು ಟೇಪಿನ ತುದಿಯನ್ನು ತಾವೇ ಹಿಡಿದುಕೊಂಡರು. ಕೆಳಗಿನ ಎಡ ಮೂಲೆಯಿಂದ ಮೇಲಿನ ಬಲ ಮೂಲೆಗೆ. ಸರಿಯಾಗಿ ಹದಿನಾಲ್ಕು.

ಅವ್ವ ಟೇಪನ್ನೇ ನೋಡಿದಳು. "ಕ್ರಾಸಿನ ಮ್ಯಾಲೇ?" ಅಂದಳು. ಬಟ್ಟೆಯನ್ನು ಓರೆಯಾಗಿ ಹಿಡಿದು ಕತ್ತರಿಸುವುದಕ್ಕೆ ದರ್ಜಿಗಳು ಕ್ರಾಸು ಅನ್ನುತ್ತಾರೆ, ಹಾಗೆ ಹಿಡಿದರೆ ಬಟ್ಟೆ ಜಗ್ಗುತ್ತದೆ, ಆ ಅಳತೆಯನ್ನು ನಂಬುವ ಹಾಗಿಲ್ಲ. "ಕ್ರಾಸಿನ ಮ್ಯಾಲ ಅಳತಿ ಹಿಡಿತಾರೇನು ಯಾರರ? ಲೋಕಕ್ಕ ಏನಾಗೈತಿ?"

"ಟೀವಿನೂ ಹಾಗೇ ಅಮ್ಮಾ," ಅಂದರು ಯಜಮಾನರು ಸಮಾಧಾನದಿಂದ.

"ಟೀವೀನೂ?" ಅವ್ವನಿಗೆ ಅದೇ ದೊಡ್ಡ ಆಘಾತ.

ನನ್ನ ತಲೆಯಲ್ಲಿ ಆಗ ಏನೋ ಹೊಳೆಯಿತು. "ಅವ್ವಾ, ಸ್ಕ್ರೀನು ಬಿಡು. ಇಡೀ ಲ್ಯಾಪ್‌ಟಾಪಿನ ಅಗಲ ಅಳಿ. ಅಡ್ಡಕ್ಕ. ನಿನ್ನ ಲೆಕ್ಕದಾಗ." ಅವ್ವ ಅಂಚಿನಿಂದ ಅಂಚಿಗೆ ಟೇಪು ಎಳೆದಳು. ಹನ್ನೆರಡು ಮುಕ್ಕಾಲು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಹದಿಮೂರೂವರೆಯಲ್ಲಿ ಅದು ಕೂತು ಇನ್ನೂ ಮುಕ್ಕಾಲು ಇಂಚು ಮಿಗುತ್ತಿತ್ತು. ಹದಿನೈದರದನ್ನೂ ಅಳೆದೆವು, ಅದು ಹದಿನಾಲ್ಕರ ಮೇಲೆ ಹೋಯಿತು, ಬೇಡ ಅಂದೆವು. ಅಳೆದೂ ಸುರಿದೂ ಇಷ್ಟು ದಿನ ಕಳೆದದ್ದು ಅಡ್ಡಕ್ಕೂ ಓರೆಗೂ ವ್ಯತ್ಯಾಸ ತಿಳಿಯದೆ! ಅವ್ವ ಪೇಪರನ್ನು ಮಡಿಚುತ್ತಾ, "ಮಾರ್ಜಿನ್ ಮಾತ್ರ ಬರೋಬ್ಬರಿ ಉಳೀತು ನೋಡು," ಎಂದು ಯಜಮಾನರಿಗೇ ಹೇಳಿದಳು. ಮನೆಗೆ ಬರುವಾಗ ಆಟೋದಲ್ಲಿ ಡಬ್ಬವನ್ನು ನನಗೆ ಮುಟ್ಟಲೂ ಕೊಡಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಲ್ಯಾಪ್‌ಟಾಪೇನೋ ಟೇಬಲ್ಲಿನಲ್ಲಿ ಕೂತಿತು, ಆದರೆ ಟೇಬಲ್ಲು ಸುಮ್ಮನೆ ಕೂರಬೇಕಲ್ಲ! ಅವ್ವ ಪೆಡಲು ಒತ್ತಿದ ಕೂಡಲೇ ಎಲ್ಲವೂ ನಡುಗುತ್ತಿತ್ತು. ಮೊದಲನೇ ವಿಡಿಯೋ ಮೀಟಿಂಗಿನಲ್ಲಿ ನನ್ನ ಮುಖ ಜಟಕಾ ಗಾಡಿಯಲ್ಲಿ ಕೂತವಳ ಹಾಗೆ ಕುಣಿಯಿತು. ಗೆಳತಿ, "ಎಲ್ಲಿದೀಯ ಮಗಾ, ಬಸ್ಸಲ್ಲಾ?" ಎಂದು ಮೆಸೇಜ್ ಹಾಕಿದಳು. ಅವ್ವ ನನ್ನ ಪರದೆಯ ಕಡೆ ಒಮ್ಮೆ ನೋಡಿ ಪೆಡಲಿನಿಂದ ಕಾಲು ತೆಗೆದಳು.

ಅಲ್ಲಿಂದ ಮುಂದೆ ನಾನು ಹೆಡ್‌ಫೋನು ಹಾಕಿದ ಕೂಡಲೇ ಮಷೀನು ನಿಲ್ಲುತ್ತಿತ್ತು. ಕೈ ತೊಡೆಯ ಮೇಲೆ ಇಟ್ಟುಕೊಂಡು ಅವ್ವ ಕೂತಿರುತ್ತಿದ್ದಳು. ಮೀಟಿಂಗುಗಳಿಗೇನು ಬರವೇ? ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ ಒಂದು, ಆ ಮೀಟಿಂಗು ಯಾಕೆ ತಡವಾಯಿತು ಎಂದು ಇನ್ನೊಂದು. ಹೊಲಿಯದ ಬ್ಲೌಸುಗಳು ಮಂಚದ ಮೇಲೆ ಗುಡ್ಡೆಯಾದವು. ನಾನು ಹೊಲಿ ಅಂದರೆ "ಆಮ್ಯಾಲ" ಅನ್ನುತ್ತಿದ್ದಳು. ಒಂದು ದಿನ ಕೆಳಗಿನ ಮನೆಯಾಕೆ ಬಟ್ಟೆ ತಂದಾಗ ಅವ್ವ, "ಹೊಸಾದು ಹಿಡಿಯಂಗಿಲ್ಲವ್ವ ಈಗ," ಎಂದು ಹಿಂದೆ ಕಳಿಸಿದ್ದು ಕೇಳಿಸಿತು. ಮಷೀನನ್ನು ಅಟ್ಟಕ್ಕೆ ಹಾಕದೆಯೇ ಅಟ್ಟಕ್ಕೆ ಹಾಕಿದ ಹಾಗಾಯಿತು. ಇಂಚು ಇಂಚು ಅಳೆದು ತಂದವಳು ನಾನು, ಈ ನಡುಕವನ್ನು ಯಾವ ಟೇಪಿನಿಂದ ಅಳೆಯಬೇಕಿತ್ತು?

ಮರುದಿನದ ಮೀಟಿಂಗಿನಲ್ಲಿ ನನ್ನ ಪಾಠದ್ದೇ ಚರ್ಚೆ. ಮೈಕು ಆನ್ ಇತ್ತು, ನಾನು ಮಾತಾಡುತ್ತಿದ್ದೆ. ಬಾಗಿಲಲ್ಲಿ ಎದುರುಮನೆಯ ತಮಿಳು ಹೆಂಗಸು ಬಂದು ನಿಂತಳು. ಆ ಸಂಜೆ ಅವಳ ಮಗಳ ನಿಶ್ಚಿತಾರ್ಥ. ಬ್ಲೌಸಿಗೆ ತೋಳು ಕೂರಿಸುವುದು ಬಾಕಿ. ಅವ್ವ ಪಿಸುಮಾತಿನಲ್ಲಿ, ಕೈಸನ್ನೆಯಲ್ಲಿ, ನನ್ನ ಕಡೆ ತೋರಿಸುತ್ತಾ, ಆಗುವುದಿಲ್ಲ, ಬೇರೆ ಯಾರ ಹತ್ತಿರವಾದರೂ ಕೊಡು ಅನ್ನುತ್ತಿದ್ದಳು. ಜೀವಮಾನದಲ್ಲಿ ಅವ್ವ ತನ್ನ ಕೈಯ ಕೆಲಸವನ್ನು ಬೇರೆಯವರಿಗೆ ಕೊಡು ಅಂದದ್ದು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು.

"ಹೊಲಿಯವ್ವಾ!" ಅಂದೆ. ಮೈಕಿನಲ್ಲೇ, ಎಲ್ಲರೆದುರಿಗೇ. "ಈಗಲೇ ಹೊಲಿ. ತೋಳು ಕೂರಿಸಿ ಕೊಟ್ಟು ಕಳಿಸು."

ಅವ್ವ ಬೆಚ್ಚಿ ನನ್ನನ್ನು ನೋಡಿದಳು. ಅಭ್ಯಾಸಬಲದಿಂದ ಕಾಲು ಪೆಡಲಿನ ಮೇಲೆ ಹೋಯಿತು. ಟೇಬಲ್ಲು ನಡುಗಿತು. ಪರದೆಯೊಳಗಿನ ಚೌಕಗಳಲ್ಲಿ ಎಲ್ಲರೂ ತಲೆ ಎತ್ತಿದರು. ನಮ್ಮ ಮ್ಯಾನೇಜರು, "ಏನ್ರೀ ಅದು ಸೌಂಡು?" ಎಂದು ಕೇಳಿದರು.

"ನಮ್ಮ ತಾಯಿ ಕೆಲಸ ಮಾಡ್ತಿದ್ದಾರೆ ಸರ್. ಬ್ಲೌಸ್ ಹೊಲೀತಾರೆ. ನಮ್ಮನೇಲಿ ಎರಡು ಆಫೀಸು, ಒಂದೇ ಟೇಬಲ್ಲು. ಅವರದ್ದು ಮೊದಲಿಂದ ಇತ್ತು, ನಂದು ಈಗ ಬಂದಿದ್ದು." ನನ್ನ ಧ್ವನಿ ನಡುಗುತ್ತಿತ್ತು, ಅದಕ್ಕೆ ಮಷೀನು ಕಾರಣವಲ್ಲ.

ಅವ್ವ ಮಷೀನು ನಿಲ್ಲಿಸಿದಳು. ನೌಕರಿ ಹೋಯಿತು ಅಂದುಕೊಂಡಳೋ ಏನೋ, ಮುಖ ಬಿಳಿಚಿಕೊಂಡಿತ್ತು. ಮ್ಯಾನೇಜರು ಕೆಮ್ಮಿದರು. "ಸರಿ ಸರಿ. ಸ್ವಲ್ಪ ಜೋರಾಗಿ ಮಾತಾಡ್ರಿ ಹಾಗಾದ್ರೆ, ಕೇಳಿಸ್ತಿಲ್ಲ."

"ಏನಂದ ಅಂವ?" ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದಳು.

"ಜೋರಾಗಿ ಮಾತಾಡು ಅಂದ್ರು."

ಅವ್ವ ಒಂದು ಗಳಿಗೆ ನನ್ನನ್ನೂ ಆ ಪರದೆಯನ್ನೂ ನೋಡಿದಳು. ಆಮೇಲೆ ಬಾಗಿಲಲ್ಲಿದ್ದವಳಿಗೆ ಒಳಗೆ ಬಂದು ಕೂರು ಎಂದು ಕಣ್ಣಲ್ಲೇ ಹೇಳಿ, ತೋಳನ್ನು ಸೂಜಿಯ ಕೆಳಗೆ ಸೇರಿಸಿದಳು.

"ಹಂಗಾದ್ರ ಮಾತಾಡು ಜೋರ. ನಾ ಇನ್ನ ನಿಲ್ಲಸಂಗಿಲ್ಲ."