ಹಳದಿ ಕಾರ್ಡಿನ ಮೂರು ತಿಂಗಳು

ಲೀಲಾ ಕಾರು ಕಲಿತದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಮೈಸೂರಿನಲ್ಲಿದ್ದಾಗ ಸ್ಕೂಟರನ್ನೂ ಮುಟ್ಟದವಳು, ನ್ಯೂಜಿಲೆಂಡಿನ ತಕಾನಿನಿಗೆ ಬಂದ ಮೇಲೆ ಹದಿನಾಲ್ಕು ವರ್ಷ ಗಂಡ ಬದರಿನಾಥನ ಪಕ್ಕದ ಸೀಟಿನಲ್ಲಿ ತರಕಾರಿ ಚೀಲದ ಹಾಗೆ ಕೂತು ಓಡಾಡಿದಳು. ಮಗಳು ಗಾನವಿ ಓದಲು ಡನೀಡನ್‌ಗೆ ಹೋದ ಮೇಲೆ ಅವಳ ಪುಟ್ಟ ಕಾರು ಮನೆ ಮುಂದೆ ಧೂಳು ಹಿಡಿಯುತ್ತಾ ನಿಂತಿತ್ತು. "ನಾನೇ ಕಲೀತೀನಿ" ಅಂದಳು ಲೀಲಾ. ಬದರಿ ನಕ್ಕ. ಹೆಂಡತಿ ಏನಾದರೂ ಹೊಸದು ಮಾಡುತ್ತೇನೆ ಅಂದರೆ ಅವನಿಗೆ ನಗಲು ಬೇರೆ ಕಾರಣ ಬೇಕಿರಲಿಲ್ಲ.

ನಗದೇ ಇದ್ದವರು ಎರಡು ಮನೆ ಆಚೆಯ ಸುಶೀಲಮ್ಮ ಒಬ್ಬರೇ. ಎಪ್ಪತ್ತಾರು ವರ್ಷದವರು, ಮಗ ಕೇದಾರನ ಜೊತೆ ಇರಲೆಂದು ಹತ್ತು ವರ್ಷದ ಹಿಂದೆ ಬಂದವರು. ಲೀಲಾ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಬಂದು ಅವರ ಅಡುಗೆಮನೆಯಲ್ಲಿ ಕಣ್ಣೀರು ಹಾಕಿದಾಗ, "ಮೂರನೇ ಸಲಕ್ಕೆ ಆಗತ್ತೆ ಬಿಡೆ, ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೂ ಮೂರನೇ ಸಲಕ್ಕೇ" ಅಂದಿದ್ದರು. ಹಾಗೇ ಆಯಿತು. ಹಳದಿ ಕಾರ್ಡು ಕೈಗೆ ಬಂದ ದಿನ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟು, ಆರತಿ ಎತ್ತಿ, ಕಾರು ಹಣ್ಣಿನ ಮೇಲೆ ಹತ್ತುವಾಗ ಚಪ್ಪಾಳೆ ತಟ್ಟಿದವರೂ ಅವರೇ.

ಹಳದಿ ಕಾರ್ಡು ಅಂದರೆ ಅರ್ಧ ಲೈಸೆನ್ಸು. ಒಬ್ಬಳೇ ಓಡಿಸಬಹುದು, ಗಂಡನನ್ನೋ ಮಗಳನ್ನೋ ಕೂರಿಸಿಕೊಳ್ಳಬಹುದು. ಹೊರಗಿನವರನ್ನು ಹತ್ತಿಸಬೇಕಾದರೆ ಪೂರ್ತಿ ಲೈಸೆನ್ಸಿನ ಅನುಭವಸ್ಥರೊಬ್ಬರು ಪಕ್ಕದಲ್ಲಿರಬೇಕು. ಆರು ತಿಂಗಳು ಕಳೆದು ಇನ್ನೊಂದು ಟೆಸ್ಟ್ ಪಾಸಾದರೆ ಹಸಿರು ಕಾರ್ಡು, ಆಮೇಲೆ ಯಾರನ್ನು ಬೇಕಾದರೂ ಕೂರಿಸಿಕೊಳ್ಳಬಹುದು. ಇದೆಲ್ಲ ಲೀಲಾಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾಗಿದ್ದರೇನು, ನಮ್ಮವರಿಗೆ ದಾಕ್ಷಿಣ್ಯ ಅನ್ನುವ ಕಾಯಿಲೆಯೊಂದಿದೆಯಲ್ಲ.

ಸುಶೀಲಮ್ಮನ ಎಡಗಣ್ಣಿನ ದೃಷ್ಟಿ ಆಗಲೇ ಹೋಗಿತ್ತು. ಬಲಗಣ್ಣು ಉಳಿದಿದ್ದದ್ದು ತಿಂಗಳಿಗೊಮ್ಮೆ ಮನುಕಾವ್‌ನ ಕಣ್ಣಿನ ಕ್ಲಿನಿಕ್ಕಿನಲ್ಲಿ ಹಾಕುತ್ತಿದ್ದ ಇಂಜೆಕ್ಷನ್ನಿನಿಂದ. ಕಣ್ಣಿಗೇ ಚುಚ್ಚುವ ಸೂಜಿ. ಒಂದು ತಿಂಗಳೂ ತಪ್ಪಿಸಬೇಡಿ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಕೇದಾರನಿಗೆ ಏರ್‌ಪೋರ್ಟಿನಲ್ಲಿ ಸರಕು ಇಳಿಸುವ ಕಡೆ ಪಾಳಿ ಕೆಲಸ. ಪ್ರತಿ ತಿಂಗಳೂ ರಜೆ ಕೇಳುತ್ತಿದ್ದ, ಪ್ರತಿ ತಿಂಗಳೂ ಮೇಲಿನವನು ಮುಖ ಗಂಟಿಕ್ಕುತ್ತಿದ್ದ. "ಇನ್ಮೇಲೆ ನೀನು ರಜ ಹಾಕ್ಬೇಡಪ್ಪ, ನಾನಿದೀನಲ್ಲ" ಅಂದುಬಿಟ್ಟಳು ಲೀಲಾ. ಕಾರ್ಡು ಯಾವ ಬಣ್ಣದ್ದು ಎಂದು ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ. ತನ್ನನ್ನು ನಂಬಿ ಕಾರು ಹತ್ತುವವರು ಒಬ್ಬರಾದರೂ ಇದ್ದಾರೆ ಅನ್ನುವ ಹೆಮ್ಮೆಯಲ್ಲಿ ಅವಳಿಗೆ ಬಣ್ಣ ಮರೆತೇ ಹೋಗಿತ್ತು, ಅಥವಾ ಮರೆಯಲು ಬಿಟ್ಟಿದ್ದಳು.

ಮೊದಲ ತಿಂಗಳು ಏನೂ ಆಗಲಿಲ್ಲ. ಏಪ್ರಿಲ್‌ನಲ್ಲಿ, ಇಂಜೆಕ್ಷನ್ ಮುಗಿಸಿ ಗ್ರೇಟ್ ಸೌತ್ ರೋಡಿನಲ್ಲಿ ವಾಪಸ್ಸು ಬರುವಾಗ ಪೊಲೀಸರು ಎಲ್ಲರ ಕಾರನ್ನೂ ನಿಲ್ಲಿಸಿ ಉಸಿರು ಪರೀಕ್ಷೆ ಮಾಡುತ್ತಿದ್ದರು. ಹುಡುಗಪ್ರಾಯದ ಅಧಿಕಾರಿ ಹಳದಿ ಕಾರ್ಡನ್ನೂ ಪಕ್ಕದ ಸೀಟನ್ನೂ ನೋಡಿ, ಇವರು ನಿಮಗೇನಾಗಬೇಕು ಎಂದು ಮೆತ್ತಗೆ ಕೇಳಿದ. ನಮ್ಮ ನೆರೆಯವರು ಅಂದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ದಂಡದ ಜೊತೆ ಲೈಸೆನ್ಸಿನ ತಪ್ಪಿನ ಲೆಕ್ಕಕ್ಕೆ ಮೂವತ್ತೈದು ಡಿಮೆರಿಟ್ ಪಾಯಿಂಟ್ ಬರೆದು ಚೀಟಿ ಕೊಟ್ಟ. ನೀವು ಒಬ್ಬರೇ ಹೋಗಬಹುದು, ಅವರನ್ನು ಕರೆದೊಯ್ಯಲು ಬೇರೆ ಯಾರಾದರೂ ಬರಲಿ ಅಂದ.

ಕೆಲಸ ಬಿಟ್ಟು ಬದರಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸುಶೀಲಮ್ಮ ನೀರು ಸುರಿಯುವ ಕಣ್ಣಿಗೆ ಸೆರಗು ಒತ್ತಿಕೊಂಡು ಫುಟ್‌ಪಾತಿನಲ್ಲಿ ನಿಂತಿದ್ದರು. ಬದರಿ ಇಳಿದವನೇ ಅವರೆದುರಿಗೇ ಶುರು ಮಾಡಿದ. "ಈ ವಯಸ್ಸಲ್ಲಿ ಪೊಲೀಸರ ಕೈಲಿ ಚೀಟಿ! ಊರಿನವರನ್ನೆಲ್ಲ ಹೊತ್ಕೊಂಡು ತಿರುಗು ಅಂತ ಯಾರು ಹೇಳಿದ್ರು ನಿನಗೆ?" ಮಾತು ಲೀಲಾಗೆ ಹೇಳಿದ್ದು. ನಾಟಿದ್ದು ಮಾತ್ರ ಮುದುಕಿಯ ಎದೆಗೆ.

ಸಂಜೆ ಸುಶೀಲಮ್ಮ ಅವಳ ಕೈ ಹಿಡಿದುಕೊಂಡರು. "ನನ್ನಿಂದ ನಿನಗೆ ಈ ಗತಿ ಬಂತಲ್ಲೇ. ಕೇದಾರಂಗೆ ಮಾತ್ರ ಹೇಳ್ಬೇಡ. ಫೈನ್ ನಾನೇ ಕಟ್ತೀನಿ ಅಂತ ಕೂತ್ಕೋತಾನೆ."

"ಮತ್ತೆ ನಿಮ್ಮ ಇಂಜೆಕ್ಷನ್ನು?"

"ಅವನೇ ಕರ್ಕೊಂಡು ಹೋಗ್ತಾನೆ. ಏನೋ ಒಂದು ನೆಪ ಹೇಳ್ಕೋತೀನಿ, ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ಲೀಲಾ ಒಪ್ಪಿದಳು. ನಿಜ ಹೇಳಬೇಕೆಂದರೆ ಅವಳಿಗೂ ಅದೇ ಬೇಕಾಗಿತ್ತು. 'ನಾನಿದೀನಲ್ಲ' ಎಂದು ಎದೆ ತಟ್ಟಿಕೊಂಡವಳು ಪೊಲೀಸರ ಕೈಗೆ ಸಿಕ್ಕಿಬಿದ್ದೆ ಎಂದು ಕೇದಾರನೆದುರು ಹೇಳಿಕೊಳ್ಳಲು ನಾಚಿಕೆ.

ಆ ವಾರವೇ, ಬದರಿಯಿಂದ ಸುದ್ದಿ ತಿಳಿದು, ಟೆಕ್ಸಸ್‌ನಿಂದ ಮೈದುನ ಚಂದ್ರಮೌಳಿ ಫೋನ್ ಮಾಡಿದ. "ಅಯ್ಯೋ ಅತ್ತಿಗೆ, ಡಿಫೆನ್ಸಿವ್ ಡ್ರೈವಿಂಗ್ ಸ್ಕೂಲಿಗೆ ಸೇರ್ಕೊಳ್ಳಿ. ನಮ್ಮಲ್ಲಿ ಆ ಕ್ಲಾಸ್ ಮುಗಿಸಿದ್ರೆ ಟಿಕೆಟ್ಟೇ ವಜಾ ಆಗತ್ತೆ." ಲೀಲಾ ಮರುದಿನವೇ ಚೀಟಿ ಹಿಡಿದುಕೊಂಡು ಮನುಕಾವ್‌ನಲ್ಲಿ ಅಂಥ ಕ್ಲಾಸು ನಡೆಸುವವರ ಹತ್ತಿರ ಹೋದಳು. ಚೀಟಿ ಬಿದ್ದವಳನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ ಅನ್ನುವುದೇ ಅವಳ ಭಯ. ಕೌಂಟರಿನ ಹೆಂಗಸು ಚೀಟಿಯನ್ನು ತಿರುಗಿಸಿಯೂ ನೋಡಲಿಲ್ಲ. ಚೀಟಿ ಇದೆಯೆಂದು ಯಾರನ್ನೂ ಬೇಡ ಅನ್ನುವುದಿಲ್ಲ, ಆದರೆ ಕ್ಲಾಸಿಗೆ ಬಂದರೆ ಚೀಟಿ ಅಳಿಸಿಯೂ ಹೋಗುವುದಿಲ್ಲ, ಇದು ಅಮೆರಿಕಾ ಅಲ್ಲ ಅಂದಳು. ಪಾಯಿಂಟು ಎರಡು ವರ್ಷ ಹಾಗೇ ಇರುತ್ತದೆ. ಇಪ್ಪತ್ತೈದು ದಾಟಿದವರಿಗೆ ಒಂದು ಲಾಭವಿದೆ, ಹಸಿರು ಕಾರ್ಡಿಗೆ ಆರು ತಿಂಗಳ ಬದಲು ಮೂರೇ ತಿಂಗಳು ಕಾದರೆ ಸಾಕು.

ಲೀಲಾ ಆ ಮೂರು ತಿಂಗಳನ್ನು ಹಿಡಿದುಕೊಂಡಳು. ಬೇಗ ಹಸಿರು ಕಾರ್ಡು ಬರಲಿ, ಸುಶೀಲಮ್ಮನನ್ನು ರಾಜಾರೋಷವಾಗಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕು. ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ಕ್ಲಾಸಿನಲ್ಲಿ ಗಾನವಿಗಿಂತ ಚಿಕ್ಕ ಹುಡುಗರು, ಅವರ ನಡುವೆ ಸ್ವೆಟರು ಹಾಕಿಕೊಂಡ ಇವಳೊಬ್ಬಳು. ನಾಲ್ಕು ಸಂಜೆ ಪಾಠ, ಕೊನೆಗೊಂದು ಗಂಟೆ ರಸ್ತೆಯಲ್ಲಿ. ಪಾಠ ಹೇಳಿದಾತ ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಕಾರು ಓಡಿಸುತ್ತಲೇ ಎದುರಿನ ಅಪಾಯಗಳನ್ನೆಲ್ಲ ಬಾಯಿಬಿಟ್ಟು ಹೇಳಿಸುತ್ತಿದ್ದ. ನಿಂತ ವ್ಯಾನು, ತಿರುವು, ನಾಯಿ ಹಿಡಿದವಳು. "ಕಂಡದ್ದನ್ನು ಎಲ್ಲರೂ ಹೇಳ್ತಾರೆ, ಕಾಣದೇ ಇರೋದನ್ನು ಹೇಳಿ" ಎಂದು ಅವನ ಇಂಗ್ಲಿಷಿನಲ್ಲಿ ಗದರಿಸಿದ. ವ್ಯಾನಿನ ಹಿಂದೆ ಮಗು ಇರಬಹುದು ಅಂದಳು ಲೀಲಾ. ಭೇಷ್ ಅಂದ. ಅವತ್ತು ಮನೆಗೆ ಬಂದು ಬದರಿಗೆ ಎರಡು ಸಲ ಅದನ್ನೇ ಹೇಳಿದಳು.

ಸುಶೀಲಮ್ಮನ ಮನೆಗೆ ಹೋಗುವುದು ಮಾತ್ರ ಕಡಿಮೆಯಾಯಿತು. ಹೋದಾಗಲೂ ಅವರು ಮೊದಲಿನಂತಿರಲಿಲ್ಲ. ಕತ್ತು ಒಂದು ಕಡೆ ತಿರುಗಿಸಿಕೊಂಡು, ಕಿಟಕಿಯ ಜೊತೆ ಮಾತಾಡುವವರ ಹಾಗೆ ಮಾತಾಡುತ್ತಿದ್ದರು. ಇಂಜೆಕ್ಷನ್ ಆಯ್ತಾ ಎಂದರೆ "ಆಯ್ತಾಯ್ತು" ಅಷ್ಟೇ. ಬದರಿ ಆಡಿದ ಮಾತಿಗೆ ಇನ್ನೂ ಮುನಿಸು, ಮುಖ ಕೊಟ್ಟು ಮಾತಾಡಲೂ ಇಷ್ಟವಿಲ್ಲ ಎಂದುಕೊಂಡಳು ಲೀಲಾ. ಬೇಜಾರಾಯಿತು, ಹೋಗುವುದು ಇನ್ನೂ ಕಡಿಮೆಯಾಯಿತು. ಹಸಿರು ಕಾರ್ಡು ಹಿಡಿದುಕೊಂಡೇ ಹೋಗಿ ಮುನಿಸು ಬಿಡಿಸಿದರಾಯಿತು ಎಂದು ಸಮಾಧಾನ ಹೇಳಿಕೊಂಡಳು.

ಜೂನ್‌ನಲ್ಲೊಂದು ದಿನ ಇಂಡಿಯನ್ ಅಂಗಡಿಯಲ್ಲಿ ಕೇದಾರ್ ಸಿಕ್ಕ. "ಆಂಟಿ, ನಿಮ್ಮಿಂದ ತುಂಬಾ ಉಪಕಾರ ಆಯ್ತು" ಅಂದ, ಅಕ್ಕಿ ಮೂಟೆ ಹೆಗಲ ಮೇಲೆ ಹೊತ್ತುಕೊಂಡೇ.

"ಅಯ್ಯೋ, ಅದರಲ್ಲೇನಿದೆ ಬಿಡಪ್ಪ" ಅಂದಳು ಲೀಲಾ.

ಬಾಯಿಗೆ ರೂಢಿಯಾದ ಮಾತು. ಯಾರು ಥ್ಯಾಂಕ್ಸ್ ಹೇಳಿದರೂ ಯಾತಕ್ಕೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕಾರಿಗೆ ಬಂದು ಕೂತ ಮೇಲೆ ಏನೋ ಚುಚ್ಚಿತು. ಏಪ್ರಿಲ್‌ನಲ್ಲೇ ನಿಂತುಹೋದ ಓಡಾಟಕ್ಕೆ ಜೂನ್‌ನಲ್ಲಿ ಯಾಕೆ ಉಪಕಾರ ಸ್ಮರಿಸಿದ? ಇಳಿದು ಹೋಗಿ ಕೇಳಬಹುದಿತ್ತು, ಅವನಿನ್ನೂ ಬಿಲ್ ಮಾಡಿಸುತ್ತಾ ನಿಂತಿದ್ದ. ಕೇಳಿದರೆ ಚೀಟಿಯ ವಿಷಯ ಹೊರಬೀಳುತ್ತಿತ್ತು. ಅವಳು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕಲಿತಂತೆ ಹೆಗಲ ಮೇಲಿಂದ ಹಿಂತಿರುಗಿ ನೋಡಿ, ಜೋಪಾನವಾಗಿ ಮನೆಗೆ ಬಂದಳು.

ಟೆಸ್ಟಿಗೆ ದಿನ ಸಿಗುವುದೇ ತಡವಾಗಿ, ಜುಲೈನಲ್ಲಿ ಪಾಸಾದಳು. ಒಂದೇ ಸಲಕ್ಕೆ. ಅಂಚೆಯಲ್ಲಿ ಹಸಿರು ಕಾರ್ಡು ಬಂದ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಅಲ್ಲಿನ ಜುಲೈ ತಿಂಗಳ ಥಂಡಿಯಲ್ಲಿ ಬರಿಗಾಲಲ್ಲೇ ಎರಡು ಮನೆ ದಾಟಿದಳು.

ಬಾಗಿಲು ತೆಗೆದದ್ದು ಕೇದಾರ್. ಕೆಲಸದ ದಿನ, ಕೆಲಸಕ್ಕೆ ಹೋಗಿರಲಿಲ್ಲ. ಕೈಯಲ್ಲಿ ಕ್ಲಿನಿಕ್ಕಿನ ಮೂರು ಕಾಗದ, ಒಂದನ್ನೂ ಒಡೆದಿರಲಿಲ್ಲ.

"ಅಕ್ಕಿ ಡಬ್ಬದ ಕೆಳಗೆ ಸಿಕ್ತು ಆಂಟಿ. ಕ್ಲಿನಿಕ್‌ನವರು ಫೋನ್ ಮಾಡಿದಾಗೆಲ್ಲ ಅಮ್ಮ ನೆಕ್ಸ್ಟ್ ಮಂತ್, ನೆಕ್ಸ್ಟ್ ಮಂತ್ ಅಂದಿದಾಳೆ. ಮೊನ್ನೆ ನನಗೆ ಸಾರನ್ನ ತಟ್ಟೆ ಬಿಟ್ಟು ಪಕ್ಕಕ್ಕೆ ಬಡಿಸಿದ್ಲು, ಆಗ ಗೊತ್ತಾಯ್ತು. ನೀವು ಕರ್ಕೊಂಡು ಹೋಗ್ತಿದ್ರಿ ಅಲ್ವಾ?"

"ನೀನಲ್ವೇನಪ್ಪಾ?" ಅಂದಳು ಲೀಲಾ.

ಸುಶೀಲಮ್ಮ ಮಗನಿಗೆ ಲೀಲಾಳ ಹೆಸರು ಹೇಳಿದ್ದರು, ಲೀಲಾಗೆ ಮಗನ ಹೆಸರು ಹೇಳಿದ್ದರು, ಇಬ್ಬರಿಗೂ ತೊಂದರೆ ಕೊಡದೆ ಮೂರು ತಿಂಗಳು ಮನೆಯಲ್ಲೇ ಕೂತಿದ್ದರು. ನಿನ್ನೆ ಕರೆದುಕೊಂಡು ಹೋಗಿದ್ದೆ, ಬಲಗಣ್ಣಿನ ನಡುವಿನ ದೃಷ್ಟಿಯೂ ಹೋಗಿದೆ, ಇನ್ನು ಇಂಜೆಕ್ಷನ್ ಹಾಕಿ ಪ್ರಯೋಜನವಿಲ್ಲ ಅಂದರು ಎಂದ ಕೇದಾರ್. ಅವನು ಬೈದಿದ್ದರೆ ಲೀಲಾಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

"ಯಾರು, ಲೀಲನಾ? ಕಾರ್ಡ್ ಬಂತೇನೇ?" ಒಳಗಿನಿಂದ ಸುಶೀಲಮ್ಮನ ಧ್ವನಿ ಬಂತು.

ಲೀಲಾ ಅವರ ಪಕ್ಕ ಕೂತು ಕಾರ್ಡನ್ನು ಅಂಗೈಯಲ್ಲಿಟ್ಟಳು. ಅವರು ಅದನ್ನು ಮುಖದ ಹತ್ತಿರ ತಂದು, ಕತ್ತು ಒಂದು ಕಡೆ ತಿರುಗಿಸಿ, ಉಳಿದಿದ್ದ ಕಣ್ಣಂಚಿನಿಂದ ನೋಡಿದರು. ಅದೇ ತಿರುಗಿಸಿದ ಕತ್ತು. ತಾನು ಮುನಿಸು ಎಂದುಕೊಂಡದ್ದು ಏನೆಂದು ಲೀಲಾಗೆ ಆಗ ತಿಳಿಯಿತು.

"ಯಾಕೆ ಸುಶೀಲಮ್ಮ ಹೀಗೆ ಮಾಡಿದ್ರಿ? ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಕ್ಲಾಸಿಗೆ ಸೇರ್ಕೊಂಡಿದ್ದೆಯಲ್ಲ, ಇನ್ನೇನು ಬಂದ್ಬಿಡತ್ತೆ ಅನ್ಕೊಂಡೆ. ಮೂರು ತಿಂಗಳು ತಾನೆ ಅಂತ." ಅವರು ಕಾರ್ಡಿನ ಮೇಲೆ ಬೆರಳಾಡಿಸಿದರು. "ಅಂಚೆಲ್ಲ ಹಸಿರು ಕಾಣ್ಸತ್ತೆ ಕಣೆ. ಮಧ್ಯದಲ್ಲಿ ನೀನು ಮಾತ್ರ ಕಾಣ್ಸಲ್ಲ. ಹೋಗ್ಲಿ ಬಿಡು. ಇನ್ಮೇಲೆ ನನ್ನ ಕೂರಿಸ್ಕೊಂಡ್ರೆ ಯಾರೂ ಹಿಡಿಯಲ್ಲ ಅಲ್ವಾ?"

"ಹಿಡಿಯಲ್ಲ."

"ಹಾಗಾದ್ರೆ ಹೇಳು, ಎಲ್ಲಿಗೆ ಹೋಗೋಣ?"

ಲೀಲಾ ಬಾಯಿ ತೆರೆದಳು. ಅವಳು ಆ ಕಾರ್ಡು ತೆಗೆದುಕೊಂಡದ್ದು ಒಂದೇ ಒಂದು ದಾರಿಗಾಗಿ, ಮನುಕಾವ್‌ನ ಕ್ಲಿನಿಕ್ಕಿಗೆ ಹೋಗಿ ಬರುವ ದಾರಿಗಾಗಿ. ಬೇರೆ ಯಾವ ಊರಿನ ಹೆಸರೂ ಅವಳ ಬಾಯಿಗೆ ಬರಲಿಲ್ಲ. ಸುಶೀಲಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಅವಳನ್ನೇ ನೋಡುತ್ತಾ, ಉತ್ತರಕ್ಕೆ ಕಾದು ಕೂತಿದ್ದರು.